ತೊಗಲಿಗೆ ತಕ್ಕ ದೀಪ

ಹಗಲಿನಲ್ಲಿ ನೋಡಿದರೆ ತೊಗಲುಗೊಂಬೆ ಮನಸ್ಸು ಸೆಳೆಯುವಂಥ ವಸ್ತುವೇನಲ್ಲ. ಗೋಡೆಗೆ ತೂಗುಹಾಕಿದ ಸೀತೆಯ ಬಣ್ಣ ಮಾಸಿರುತ್ತದೆ, ಸೆರಗಿನ ಅಂಚು ಸುರುಟಿಕೊಂಡಿರುತ್ತದೆ, ಮೊಣಕೈ ಕೀಲಿಗೆ ಕಟ್ಟಿದ ದಾರ ಜಿಡ್ಡುಗಟ್ಟಿರುತ್ತದೆ. ಮೂಗಿನ ಹತ್ತಿರ ತಂದರೆ ಹೊಗೆ, ಎಣ್ಣೆ, ಹಳೇ ಪೆಟ್ಟಿಗೆ ಎಲ್ಲ ಬೆರೆತ ಕಮಟು ವಾಸನೆ. ಅದನ್ನೇ ಎತ್ತಿ ಕಿಟಕಿಗೆ ಅಡ್ಡ ಹಿಡಿಯಿರಿ. ಕಂದು ಎಂದುಕೊಂಡಿದ್ದ ಕಡೆ ದಾಳಿಂಬೆಯ ಕೆಂಪು ಹೊತ್ತಿಕೊಳ್ಳುತ್ತದೆ. ಕಪ್ಪು ಎಂದುಕೊಂಡಿದ್ದ ಕುಪ್ಪಸದಲ್ಲಿ ಹಸಿರು ಇದೆಯೆಂದು ತಿಳಿಯುತ್ತದೆ. ಓಲೆ, ತೋಳಬಂದಿ, ಡಾಬು, ಸೀರೆಯ ಅಂಚು, ಹೀಗೆ ಉಳಿಯಿಂದ ಕೊರೆದಿದ್ದ, ಅಲ್ಲಿಯವರೆಗೆ ಕಣ್ಣಿಗೇ ಬೀಳದಿದ್ದ ಸಣ್ಣ ತೂತುಗಳೆಲ್ಲ ಒಟ್ಟಿಗೆ ಮಿನುಗುತ್ತವೆ. ಕತ್ತರಿಸಿದವನು, ಬಣ್ಣ ಹಾಕಿದವನು ಇಬ್ಬರೂ ಈ ಹೊತ್ತನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿದ್ದಾರೆ. ಗೊಂಬೆಯ ಅರ್ಧ ಭಾಗ ತೊಗಲಿನಲ್ಲಿದೆ, ಉಳಿದರ್ಧ ದೀಪದಲ್ಲಿದೆ.

ಆದ್ದರಿಂದ ಗೊಂಬೆಯಾಟಕ್ಕೆ ಯಾವ ದೀಪ ಇಡಬೇಕು ಎಂದು ಯಾರಾದರೂ ಕೇಳಿದರೆ, ಮೊದಲು ಗೊಂಬೆ ತೋರಿಸಿ ಎನ್ನುವುದೇ ಸರಿಯಾದ ಉತ್ತರ. ವಾಟಿನ ಲೆಕ್ಕ ಆಮೇಲಿನದು.

ನಮ್ಮ ಕಡೆಯ ತೊಗಲುಗೊಂಬೆ ಹೆಚ್ಚಾಗಿ ಮೇಕೆಯ ಚರ್ಮದ್ದು. ಕೂದಲು ಕೆರೆದು, ಹದ ಮಾಡಿ, ಬಿಗಿದು ಒಣಗಿಸಿದಾಗ ಆ ಚರ್ಮ ಹಳದಿ ಛಾಯೆಯ, ಬೆಳಕು ಹಾಯುವ ಹಾಳೆಯಾಗುತ್ತದೆ. ಅದರ ಮೇಲೆ ಹಾಕಿದ ಬಣ್ಣವೂ ಬೆಳಕು ಬಿಟ್ಟುಕೊಡುವಂಥದ್ದೇ. ಹೀಗಾಗಿ ಬಳ್ಳಾರಿ, ಕೊಪ್ಪಳದ ಕಡೆಯ ಆಟಗಳಲ್ಲಿ ನಾವು ನೋಡುವುದು ನೆರಳಿಗಿಂತ ಹೆಚ್ಚಾಗಿ ಬಣ್ಣವನ್ನು. ಕಲಾವಿದ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಈ ತೊಗಲಿಗೆ ತಂದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ, ಇಂಥದೊಂದು ಕಲೆ ಇನ್ನೂ ಉಸಿರಾಡುತ್ತಿದೆ ಎಂದು ಪಟ್ಟಣದವರಿಗೆ ಮತ್ತೊಮ್ಮೆ ಗೊತ್ತಾಯಿತು. ಅಂಥ ಮೇಳವನ್ನು ಪಟ್ಟಣದ ಸಭಾಂಗಣಕ್ಕೆ ಕರೆಸುವವರು ಗೊಂಬೆಗೆ ಹಾರ ಹಾಕುತ್ತಾರೆ, ಕಲಾವಿದರಿಗೆ ಶಾಲು ಹೊದಿಸುತ್ತಾರೆ. ದೀಪದ ಮಾತು ಬಂದಾಗ ಮಾತ್ರ ಶಾಮಿಯಾನದವನನ್ನು ಕೂಗುತ್ತಾರೆ. ಅವನು ಮದುವೆ ಮನೆಗೆ ತರುವ ಫೋಕಸ್ ಲೈಟನ್ನೇ ತಂದು ಪರದೆಯ ಹಿಂದೆ ನಿಲ್ಲಿಸುತ್ತಾನೆ. ಸೀತೆಯ ಕೆಂಪು ಅಲ್ಲಿಗೆ ಮುಗಿಯಿತು.

ಎಲ್ಲ ಕಡೆಯ ಗೊಂಬೆಯೂ ಹೀಗೆ ಬಣ್ಣದ್ದಲ್ಲ. ಕೇರಳದ ಪಾಲಕ್ಕಾಡಿನ ಸುತ್ತಮುತ್ತ ಭದ್ರಕಾಳಿಯ ಗುಡಿಗಳಲ್ಲಿ ನಡೆಯುವ ತೋಲ್‌ಪಾವಕೂತ್ತಿನ ಗೊಂಬೆ ದಪ್ಪ ತೊಗಲಿನದು, ಪರದೆಯ ಮೇಲೆ ಕಪ್ಪಾಗಿಯೇ ಕಾಣುವುದು. ಬೆಳಕು ಹಾಯುವುದು ತೂತುಗಳಲ್ಲಿ ಮಾತ್ರ. ಅದಕ್ಕೆಂದೇ ಕಟ್ಟಿದ ಕೂತ್ತುಮಾಡದ ಉದ್ದ ಸುಮಾರು 42 ಅಡಿ. ಅಷ್ಟುದ್ದದ ಪರದೆಯ ಹಿಂದೆ ಸಾಲಾಗಿ 21 ದೀಪಗಳು. ಒಡೆದ ತೆಂಗಿನಕಾಯಿಯ ಹೋಳಿನಲ್ಲಿ ಕೊಬ್ಬರಿ ಎಣ್ಣೆ, ಹತ್ತಿಯ ಬತ್ತಿ. ದಾರಿಕನೆಂಬ ಅಸುರನನ್ನು ಕೊಲ್ಲುವ ಕೆಲಸದಲ್ಲಿದ್ದ ಭದ್ರಕಾಳಿಗೆ ರಾಮ ರಾವಣರ ಯುದ್ಧ ನೋಡಲಾಗಲಿಲ್ಲವಂತೆ, ಅವಳಿಗಾಗಿಯೇ ಈ ಆಟ ಎಂಬ ಕಥೆ ಅಲ್ಲಿಯದು. ಎದುರಿಗೆ ಒಬ್ಬ ಮನುಷ್ಯ ಕೂತಿರದಿದ್ದರೂ ಕಂಬ ರಾಮಾಯಣ ರಾತ್ರಿಯಿಡೀ ಸಾಗುತ್ತದೆ.

ಒಂದೇ ದೀಪದ ಬದಲು ಸಾಲುದೀಪ ಇಟ್ಟರೆ ಏನಾಗುತ್ತದೆ ಎಂಬುದರಲ್ಲೇ ಆ ಆಟದ ಚೆಲುವಿದೆ. ಗೊಂಬೆ ಬಟ್ಟೆಗೆ ಅಂಟಿಕೊಂಡಿರುವಷ್ಟು ಹೊತ್ತು ನೆರಳು ಒಂದೇ, ಅಂಚು ಚೂಪು. ಗೊಂಬೆಯನ್ನು ಒಂದು ಗೇಣು ಹಿಂದಕ್ಕೆಳೆದರೆ ಸಾಕು, ಹತ್ತಿರದ ಒಂದೊಂದು ದೀಪವೂ ತನ್ನದೇ ನೆರಳು ಬೀಳಿಸುತ್ತದೆ. ಎಡಬಲಕ್ಕೆ ಎರಡು, ಮೂರು, ನಾಲ್ಕು ರಾಮರು ಒಬ್ಬರ ಹಿಂದೊಬ್ಬರು ನಿಂತು, ತೆಳುವಾಗಿ, ಕರಗಿಹೋಗುತ್ತಾರೆ. ಅಷ್ಟುದ್ದದ ಪರದೆಗೆ ಬೆಳಕು ಸಾಲದೆಂದು ಇಟ್ಟ ದೀಪಗಳೇ ಪಾತ್ರಗಳು ಬಂದು ಹೋಗುವ ರೀತಿಯನ್ನು ತೀರ್ಮಾನಿಸಿಬಿಟ್ಟಿವೆ. ಆ ಕಪ್ಪು ಗೊಂಬೆಗೆ ಈ ಸಾಲು ಒಪ್ಪುತ್ತದೆ. ನಮ್ಮ ಬಣ್ಣದ ಗೊಂಬೆಗೆ ಇದೇ ಸಾಲನ್ನು ಇಟ್ಟರೆ, ಪರದೆಯಿಂದ ತುಸು ಸರಿದಾಗ ಒಂದು ನೆರಳಿನ ಕೆಂಪು ಇನ್ನೊಂದರ ಹಸಿರಿನ ಮೇಲೆ ಬಿದ್ದು ಎರಡೂ ಕೆಡುತ್ತವೆ.

ತೂತುಗಳ ವಿಷಯ ಇನ್ನೂ ಸೊಗಸು. ಕತ್ತಲೆ ಕೋಣೆಯಲ್ಲಿ ಒಂದು ಹಣತೆ ಹಚ್ಚಿ, ಮುಂದೆ ಬಿಳಿ ಬಟ್ಟೆ ಕಟ್ಟಿ, ನಡುವೆ ಗೊಂಬೆ ಹಿಡಿದು ನೋಡಿ. ಗೊಂಬೆ ಬಟ್ಟೆಗೆ ತಾಗಿದ್ದಾಗ ಒಡವೆಯ ತೂತುಗಳು ದುಂಡನೆಯ ಚುಕ್ಕಿಗಳಾಗಿರುತ್ತವೆ. ಈಗ ಗೊಂಬೆಯನ್ನು ಮೆಲ್ಲಗೆ ದೀಪದತ್ತ ತನ್ನಿ. ಚುಕ್ಕಿಗಳು ಉದ್ದವಾಗುತ್ತವೆ, ಒಂದು ತುದಿ ಚೂಪಾಗುತ್ತದೆ, ನಡುಗತೊಡಗುತ್ತವೆ. ದಿಟ್ಟಿಸಿ ನೋಡಿದರೆ ಪ್ರತಿ ಚುಕ್ಕಿಯೂ ತಲೆಕೆಳಗಾದ ಒಂದು ಪುಟ್ಟ ದೀಪದ ಕುಡಿ. ಸಣ್ಣ ತೂತು ತನ್ನ ಎದುರಿಗಿರುವ ಬೆಳಕಿನ ಆಕಾರವನ್ನೇ ತಿರುಗುಮುರುಗಾಗಿ ಹಿಂದಿನ ಬಟ್ಟೆಯ ಮೇಲೆ ಮೂಡಿಸುತ್ತದೆ. ಗ್ರಹಣದ ದಿನ ಎಲೆಗಳ ಸಂದಿಯಿಂದ ನೆಲದ ಮೇಲೆ ನೂರಾರು ಅರೆಸೂರ್ಯರು ಬೀಳುವುದೂ ಇದೇ ಕಾರಣಕ್ಕೆ. ಅಂದರೆ ಸೀತೆಯ ಮೈಮೇಲಿನ ಪ್ರತಿ ಮುತ್ತಿನಲ್ಲೂ ದೀಪ ತನ್ನದೇ ಚಿತ್ರ ಬರೆಯುತ್ತಿದೆ. ಹಣತೆಯ ಜಾಗದಲ್ಲಿ ಸಾದಾ ಗಾಜಿನ ಬಲ್ಬು ಇಡಿ, ಆ ಮುತ್ತುಗಳಲ್ಲಿ ತಂತಿಯ ಸುರುಳಿ ಕಾಣಿಸುತ್ತದೆ. ಸಣ್ಣ ಸಣ್ಣ ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿದ ದೀಪ ಇಡಿ, ಒಂದೊಂದು ಮುತ್ತೂ ಒಡೆದು ರವೆಯಾಗುತ್ತದೆ. ಕೊರೆದವನು ಒಂದು ಮುತ್ತು ಕೊರೆದಿದ್ದ. ಅದನ್ನು ಇಪ್ಪತ್ತು ಮಾಡುವ ಹಕ್ಕು ದೀಪಕ್ಕಿಲ್ಲ ಎಂದು ನನ್ನ ತಕರಾರು.

ಅಂಚಿನ ಲೆಕ್ಕವೂ ಹೀಗೇ ಸರಳ. ದೀಪ ಎಷ್ಟು ದೊಡ್ಡದೋ ನೆರಳಿನ ಅಂಚು ಅಷ್ಟು ಮಸುಕು. ದೀಪದಿಂದ ಪರದೆ ಒಂದು ಮೀಟರ್ ದೂರವಿದ್ದು, ಗೊಂಬೆ ಪರದೆಯಿಂದ 10 ಸೆಂಟಿಮೀಟರ್ ಹಿಂದಿದ್ದರೆ, ಒಂದು ಸೆಂಟಿಮೀಟರ್ ಅಗಲದ ಕುಡಿಯಿಂದ ಬರುವ ಮಸುಕು ಒಂದು ಮಿಲಿಮೀಟರ್‌ಗಿಂತ ಚೂರು ಹೆಚ್ಚು. ಆರು ಸೆಂಟಿಮೀಟರ್ ದಪ್ಪದ ಹಾಲುಗಾಜಿನ ಬಲ್ಬಾದರೆ ಆರೇಳು ಮಿಲಿಮೀಟರ್. ನಾಲ್ಕು ಅಡಿಯ ಟ್ಯೂಬ್‌ಲೈಟನ್ನು ಅಡ್ಡ ಮಲಗಿಸಿದರೆ ಮಸುಕು ಅರ್ಧ ಗೇಣನ್ನೂ ದಾಟುತ್ತದೆ, ಲಕ್ಷ್ಮಣನೂ ಅವನ ಪಕ್ಕದ ಮರವೂ ಒಂದೇ ಮಬ್ಬು. ಹಣತೆಯ ಕುಡಿಗೆ ಇಲ್ಲೊಂದು ಗುಟ್ಟಿದೆ. ಅದರ ಎತ್ತರ ಅಗಲದ ಮೂರು ನಾಲ್ಕು ಪಟ್ಟು. ಆದ್ದರಿಂದ ಗೊಂಬೆ ಹಿಂದೆ ಸರಿದಾಗ ನೆಟ್ಟಗಿನ ಗೆರೆಗಳು, ಅಂದರೆ ಮೂಗಿನ ಏಣು, ಬೆನ್ನು, ಕೈಯಲ್ಲಿ ಹಿಡಿದ ಬಿಲ್ಲು, ಚೂಪಾಗಿಯೇ ಉಳಿಯುತ್ತವೆ. ಅಡ್ಡಗೆರೆಗಳು, ಅಂದರೆ ಕಿರೀಟದ ಪಟ್ಟಿ, ಸೊಂಟದ ಡಾಬು, ಮೊದಲು ಮೆತ್ತಗಾಗುತ್ತವೆ. ನಮ್ಮ ಗೊಂಬೆಗಳ ಮುಖ ಬಹುಪಾಲು ಪಕ್ಕನೋಟದ್ದು. ಅದರ ಪ್ರಾಣವೆಲ್ಲ ಹಣೆಯಿಂದ ಗಲ್ಲದವರೆಗೆ ಇಳಿಯುವ ಆ ಒಂದು ಗೆರೆಯಲ್ಲಿದೆ. ಹಣತೆ ಕೊನೆಯವರೆಗೆ ಕಾಪಾಡುವುದೂ ಅದನ್ನೇ.

ಟ್ಯೂಬ್‌ಲೈಟಿಗೂ ಅದರದೇ ಗುಣವೊಂದಿದೆ, ಹೇಳದೆ ಬಿಟ್ಟರೆ ಅನ್ಯಾಯ. ಗೊಂಬೆಯನ್ನು ಪರದೆಗೆ ಒತ್ತಿಯೇ ಆಡಿಸುವುದಾದರೆ ಅಷ್ಟು ಹರಡಿದ ಬೆಳಕಿನಲ್ಲಿ ಗೊಂಬೆ ಮಾತ್ರ ಕಾಣುತ್ತದೆ, ಹಿಂದಕ್ಕೆ ಚಾಚಿದ ಕಡ್ಡಿ, ಹಿಡಿದ ಕೈ ಮಾಯವಾಗುತ್ತವೆ. ಚೀನಾದ ಬಣ್ಣದ ನೆರಳುಗೊಂಬೆಯ ಕೆಲವು ಮೇಳಗಳು ಟ್ಯೂಬ್‌ಲೈಟಿಗೆ ಒಗ್ಗಿಕೊಂಡಿರುವುದು ಇದರಿಂದಲೇ ಇರಬೇಕು. ಅವರ ಗೊಂಬೆ ಗಾಜಿನಷ್ಟು ತಿಳಿ, ಆಟವೆಲ್ಲ ಬಟ್ಟೆಯ ಮೈಮೇಲೆಯೇ. ಗೊಂಬೆ ಹಿಂದಕ್ಕೆ ಮುಂದಕ್ಕೆ ಉಸಿರಾಡುವ ಆಟಕ್ಕೆ ಅದು ಹೊಂದುವುದಿಲ್ಲ.

ಎಣ್ಣೆಗೆ ಬರೋಣ. ಹಳಬರು ಹರಳೆಣ್ಣೆಯನ್ನು ಬಯಸುತ್ತಿದ್ದುದು ಸುಮ್ಮನಲ್ಲ. ಅದು ಮಂದ, ಬತ್ತಿಗೆ ನಿಧಾನವಾಗಿ ಏರುತ್ತದೆ, ಹೊತ್ತು ಹೊತ್ತು ಉರಿಯುತ್ತದೆ, ಹೊಗೆ ಕಡಿಮೆ. ಹೊಂಗೆ ಎಣ್ಣೆಯೂ ಹಳ್ಳಿಯಲ್ಲಿ ಸುಲಭವಾಗಿ ಸಿಗುತ್ತಿತ್ತು. ಸೀಮೆಎಣ್ಣೆ ಬುಡ್ಡಿ ಬಂದ ಮೇಲೆ ಖರ್ಚು ಇಳಿಯಿತು, ಮಸಿ ಏರಿತು. ಆದರೆ ಮಸಿಯನ್ನು ಪೂರ್ತಿ ಬೈಯುವಂತಿಲ್ಲ. ಕುಡಿಯ ಹಳದಿ ಬೆಳಕು ಬರುವುದೇ ಅದರೊಳಗೆ ಕಾದು ಕೆಂಪೇರಿದ ಇಂಗಾಲದ ಕಣಗಳಿಂದ. ಪೂರ್ತಿ ಉರಿದುಹೋದರೆ ಬೆಳಕು, ಅರೆಬರೆ ಉಳಿದರೆ ಕಾಡಿಗೆ. ಬತ್ತಿಯನ್ನು ಎಷ್ಟು ಮೀಟಬೇಕೆಂದು ತಿಳಿದ ಹೆಂಗಸೊಬ್ಬಳು ಪರದೆಯ ಹಿಂದೆ ಇದ್ದರೆ ಅರ್ಧ ಆಟ ಗೆದ್ದಂತೆ. ಗೊಂಬೆಯಾಟ ಮನೆಮಂದಿಯೆಲ್ಲ ಸೇರಿ ನಡೆಸುವ ಕಸುಬು. ಹಾಡು, ತಾಳ, ಗೊಂಬೆ ಎತ್ತಿಕೊಡುವುದು, ಜೊತೆಗೆ ದೀಪ ನೋಡಿಕೊಳ್ಳುವುದು, ಎಲ್ಲಕ್ಕೂ ಒಂದೊಂದು ಕೈ ಬೇಕು.

ಆ ಕುಡಿಯ ಅಲುಗಾಟವೇ ಈ ಕಲೆಯ ದೊಡ್ಡ ಸಿರಿ ಎಂದು ನನಗೆ ಅನಿಸುತ್ತದೆ. ಹನುಮಂತ ಜಿಗಿಯುವಾಗ ಅಷ್ಟಗಲದ ತೊಗಲು ಗಾಳಿಯನ್ನು ತಳ್ಳುತ್ತದೆ. ಗಾಳಿ ದೀಪಕ್ಕೆ ತಾಗಿ ಕುಡಿ ಓಲಾಡುತ್ತದೆ. ಕುಡಿ ಓಲಾಡಿದರೆ ಪರದೆಯ ಮೇಲಿನ ಎಲ್ಲ ನೆರಳೂ, ಸುಮ್ಮನೆ ನಿಂತಿದ್ದ ಮರ, ಅದರ ಕೆಳಗೆ ಕೂತ ಸೀತೆ, ಎಲ್ಲವೂ ಒಂದು ಕ್ಷಣ ಬೆಚ್ಚುತ್ತವೆ. ಯುದ್ಧದಲ್ಲಿ ಇಡೀ ಪರದೆ ಅದುರುತ್ತದೆ, ಶೋಕದ ಪದ ಬಂದಾಗ ತಾನೇ ತಾನಾಗಿ ನೆಮ್ಮದಿಗೆ ಬರುತ್ತದೆ. ಯಾರೂ ಇದನ್ನು ಮಾಡಿಸಬೇಕಿಲ್ಲ. ಈಗ ಅಂಗಡಿಯಲ್ಲಿ ಮಿಣುಕು ದೀಪ ಅಂತ ಸಿಗುತ್ತದಲ್ಲ, ಬ್ಯಾಟರಿ ಹಾಕಿದರೆ ಮೇಣದ ಬತ್ತಿಯ ಹಾಗೆ ನಟಿಸುವುದು, ಅದನ್ನು ಪರದೆಯ ಹಿಂದೆ ಇಟ್ಟು ಮೋಸ ಹೋಗಬೇಡಿ. ಅದರ ಬೆಳಕು ಹೆಚ್ಚುಕಡಿಮೆಯಾಗುತ್ತದೆ ಅಷ್ಟೆ, ಜಾಗ ಬದಲಿಸುವುದಿಲ್ಲ. ನಿಜವಾದ ಕುಡಿ ಬಾಗಿ ನೇರವಾಗುವುದರಿಂದ ನೆರಳು ಕದಲುತ್ತದೆ. ಈ ನಟನೆಯಲ್ಲಿ ನೆರಳು ನಿಂತಲ್ಲೇ ನಿಂತು ಮಂಕಾಗುತ್ತದೆ, ಊರಿನಲ್ಲಿ ವೋಲ್ಟೇಜ್ ಬಿದ್ದ ಹಾಗೆ.

ಜಾವಾದಲ್ಲಿ ವಾಯಾಂಗ್ ಎಂಬ ನೆರಳುಗೊಂಬೆ ಆಡಿಸುವ ದಾಲಾಂಗ್ ತನ್ನ ತಲೆಯ ಮೇಲೆ, ಪರದೆಗೆ ಎದುರಾಗಿ, ಬ್ಲೆಂಚೋಂಗ್ ಎಂಬ ಲೋಹದ ದೀಪವನ್ನು ತೂಗುಹಾಕುತ್ತಾನೆ. ಹಲವು ದೀಪಗಳಿಗೆ ಗರುಡನ ಆಕಾರ, ಒಳಗೆ ಕೊಬ್ಬರಿ ಎಣ್ಣೆ. ಅಲ್ಲಿ ಪರದೆಯ ಎರಡೂ ಬದಿಯಲ್ಲಿ ಜನ ಕೂರುತ್ತಾರೆ. ಆಚೆಯವರಿಗೆ ನೆರಳು, ಈಚೆಯವರಿಗೆ ಗೊಂಬೆಯ ಮೇಲಿನ ಬಂಗಾರದ ಬಣ್ಣ. ಒಂದೇ ದೀಪ ಎರಡೂ ಕೆಲಸ ಮಾಡಬೇಕಾದ್ದರಿಂದ ಅದು ಮೇಲೆಯೇ ಇರಬೇಕು. ಇಂದು ಬಹುಮಟ್ಟಿಗೆ ಅಲ್ಲೂ ವಿದ್ಯುತ್ ದೀಪವೇ.

ನಮ್ಮಲ್ಲೂ ಹಣತೆ ಹೋಗಿ ಪೆಟ್ರೋಮ್ಯಾಕ್ಸ್ ಬಂದಿತು, ಅದು ಹೋಗಿ ಬಲ್ಬು ಬಂದಿತು. ಗ್ಯಾಸ್‌ಲೈಟಿನ ಸುಂಯ್ ಎನ್ನುವ ಸದ್ದಿನ ಜೊತೆ ಬೆಳೆದವರಿಗೆ ಅದರ ಮೇಲೊಂದು ಮಮತೆ ಇರುತ್ತದೆ, ಇರಲಿ. ಬೆಳಕು ಮಾತ್ರ ಬಿಳಿಚು, ಮ್ಯಾಂಟಲ್ ದಪ್ಪ. ಬಲ್ಬಿನ ಮೇಲೆ ನನಗೆ ಸಿಟ್ಟಿಲ್ಲ. ಹಣತೆ ಬಿಟ್ಟ ಮೇಲೆ ಗೊಂಬೆಗೆ ದೊರೆತ ಒಳ್ಳೆಯ ನೆಂಟನೆಂದರೆ ಸಾದಾ ಗಾಜಿನ, ತಂತಿ ಕಾಣುವ ಹಳೇ ಬಲ್ಬೇ. ಒಂದು ಮೇಣದ ಬತ್ತಿ ಸುಮಾರು 12 ಲ್ಯೂಮೆನ್ ಬೆಳಕು ಕೊಟ್ಟರೆ 100 ವಾಟಿನ ಬಲ್ಬು ಸುಮಾರು 1300 ಕೊಡುತ್ತದೆ. ಅಂದರೆ ನೂರು ಬತ್ತಿ ಒಟ್ಟಿಗೆ. ಇದು ಬರಿ ಅನುಕೂಲದ ಮಾತಲ್ಲ. ಬೆಳಕು ತೀರ ಕಡಿಮೆಯಾದರೆ ಕಣ್ಣಿಗೆ ಮೊದಲು ಕಪ್ಪಾಗುವ ಬಣ್ಣ ಕೆಂಪು. 19ನೇ ಶತಮಾನದ ಆರಂಭದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ನಸುಕಿನ ಹೂಗಳನ್ನು ನೋಡಿ ಗುರುತಿಸಿದ ಸಂಗತಿ ಅದು. ಹತ್ತು ಮಂದಿ ಪರದೆಯ ಮುಂದೆ ಒತ್ತೊತ್ತಾಗಿ ಕೂತಾಗ ಒಂದು ಹಣತೆ ಸಾಕು. ಇನ್ನೂರು ಮಂದಿಯ ಸಭೆಯಲ್ಲಿ ಹಿಂದಿನ ಸಾಲಿನ ಅಜ್ಜಿಗೆ ರಾವಣನ ಕೆಂಪು ಧೋತರ ಕಪ್ಪಾಗಿ ಕಂಡರೆ, ಹಣತೆಯೇ ಬೇಕೆಂದು ಹಟ ಹಿಡಿಯುವವನು ಗೊಂಬೆಗೂ ಅಜ್ಜಿಗೂ ಸಲ್ಲದವನು.

ಈಗ ಅಂಥ ಬಲ್ಬು ಹುಡುಕಿಕೊಂಡು ಹೋದರೆ ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ. ಸಿಗುವುದು ಎಲ್‌ಇಡಿ. ಇಲ್ಲಿಯೇ ಎಚ್ಚರ ಬೇಕು. ಡಬ್ಬದ ಮೇಲೆ ಕೆಲ್ವಿನ್ ಲೆಕ್ಕ ಇರುತ್ತದೆ. ಹಣತೆಯದು ಸುಮಾರು 1900, ಹಳೇ ಬಲ್ಬಿನದು 2700, ಹ್ಯಾಲೊಜನ್ನಿನದು 3000ದ ಆಸುಪಾಸು. ಮನೆಮನೆಯಲ್ಲಿ ಉರಿಯುವ ಕೂಲ್ ಡೇಲೈಟ್ ಎಲ್‌ಇಡಿ 6500. ಈ ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ದೀಪ, ಅದರ ಮೇಲೆ ಹಳದಿ ಲೇಪ. ನೀಲಿ ಧಾರಾಳ, ಹಳದಿ ಸಾಕಷ್ಟು, ಕಡುಗೆಂಪು ಬಡವು. ಇತ್ತ ತೊಗಲೇ ಹಳದಿ, ನೀಲಿಯನ್ನು ನುಂಗಿಬಿಡುತ್ತದೆ. ಕೆಂಪು ಬಣ್ಣದ ಭಾಗ ಕೆಂಪನ್ನಷ್ಟೇ ಆಚೆ ಬಿಡುತ್ತದೆ, ಆದರೆ ಬಿಡಲು ದೀಪದಲ್ಲೇ ಕೆಂಪಿಲ್ಲ. ದೀಪ ಕಣ್ಣು ಕೋರೈಸುತ್ತದೆ, ಗೊಂಬೆ ಮಣ್ಣುಬಣ್ಣಕ್ಕೆ ತಿರುಗುತ್ತದೆ.

ಇಷ್ಟು ತಿಳಿದವರು ಬಣ್ಣದ ನಿಷ್ಠೆಯನ್ನು ಅಳೆಯುವ ಸಿಆರ್‌ಐ ಎಂಬ ಅಂಕಿಯನ್ನು ನೋಡಿ ತರುತ್ತಾರೆ. 80 ಎಂದಿದ್ದರೆ ಸಮಾಧಾನಪಡುತ್ತಾರೆ. ಆ ಅಂಕಿ ಎಂಟು ಮಾದರಿ ಬಣ್ಣಗಳ ಸರಾಸರಿ, ಎಂಟೂ ಮೆಲುಬಣ್ಣಗಳೇ. ಕಡುಗೆಂಪು ಒಂಬತ್ತನೆಯದು, ಆರ್9 ಎಂದು ಬೇರೆಯಾಗಿ ಬರೆಯುತ್ತಾರೆ, ಸರಾಸರಿಯಲ್ಲಿ ಅದು ಸೇರುವುದೇ ಇಲ್ಲ. 80 ಅಂಕದ ದೀಪಕ್ಕೂ ಆರ್9ರಲ್ಲಿ ಸೊನ್ನೆ ಬರಬಹುದು, ಅದಕ್ಕಿಂತ ಕೆಳಗೂ ಹೋಗಬಹುದು. ನಮ್ಮ ಗೊಂಬೆಗಳಲ್ಲಿ ಮೊದಲು ಕಣ್ಣಿಗೆ ಬೀಳುವ ಬಣ್ಣವೇ ಆ ಲೆಕ್ಕದಿಂದ ಹೊರಗಿದೆ. ಎಲ್‌ಇಡಿಯೇ ಗತಿಯೆಂದಾದರೆ 2700 ಕೆಲ್ವಿನ್ನಿನ, ಸಿಆರ್‌ಐ 90 ದಾಟಿದ, ಆರ್9 ಎಷ್ಟೆಂದು ತಯಾರಕರೇ ಹೇಳಿಕೊಂಡಿರುವ ದೀಪ ತನ್ನಿ. ಅದೂ ಒಂದೇ ಚಿಕ್ಕ ಬಿಲ್ಲೆಯಿಂದ ಬೆಳಗುವಂಥದ್ದು, ಚುಕ್ಕಿಗಳನ್ನು ಹರಡಿದ್ದಲ್ಲ. ಅಗ್ಗದ್ದು ತಂದರೆ ಇನ್ನೊಂದು ಪೀಡೆ ಅಂಟಿಕೊಳ್ಳುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ ನೂರು ಸಲ ಹತ್ತಿ ಆರುತ್ತದೆ. ಕೂತ ಗೊಂಬೆಯಲ್ಲಿ ಇದು ತಿಳಿಯುವುದಿಲ್ಲ. ಭೀಮ ಗದೆ ಬೀಸಿದಾಗ ಗದೆ ಬೀಸಣಿಗೆಯ ಕಡ್ಡಿಗಳ ಹಾಗೆ ತುಂಡು ತುಂಡಾಗಿ ಕಾಣುತ್ತದೆ.

ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರಿಗೆ ನನ್ನ ಆಯ್ಕೆ ಹ್ಯಾಲೊಜನ್. ವೇದಿಕೆಯ ದೊಡ್ಡ ಲೈಟಲ್ಲ. 12 ವೋಲ್ಟಿನ, 35 ಅಥವಾ 50 ವಾಟಿನ, ಹಿಂದೆ ಕನ್ನಡಿಯಿಲ್ಲದ ಬರಿ ಬಲ್ಬು. ಬೈಕಿನ ಹೆಡ್‌ಲೈಟಿಗೆ ಹಾಕುವ ಹ್ಯಾಲೊಜನ್ ಬಲ್ಬೇ ಆದೀತು. ಮೆಕ್ಯಾನಿಕ್ ಅಂಗಡಿಯಲ್ಲಿ ಸಿಗುತ್ತದೆ, ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ಉರಿಯುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ. ಬ್ಯಾಟರಿಯ ಕರೆಂಟಿಗೆ ಮಿನುಗಾಟವೂ ಇಲ್ಲ. ತಂತಿಯ ಉದ್ದ ಕೆಲವೇ ಮಿಲಿಮೀಟರ್, ಆದ್ದರಿಂದ ನೆರಳು ಕತ್ತಿಯ ಹಾಗೆ ಬೀಳುತ್ತದೆ. ಗೊಂಬೆಯನ್ನು ಹಿಂದಕ್ಕೆ ಎಳೆದರೂ ಅಂಚು ಬೇಗ ಮೆತ್ತಗಾಗುವುದಿಲ್ಲ, ಕೆಲವರಿಗೆ ಅದೇ ಅತಿಯೆನಿಸಬಹುದು. ಕೆಂಪು ಪೂರ್ತಿ ಇದೆ. ಅವಗುಣ ಒಂದೇ, ಕಾವು. ಸಮೀಪಕ್ಕೆ ಹೋದ ತೊಗಲು ಸುರುಟುತ್ತದೆ, ಒಮ್ಮೆ ಸುರುಟಿದ ಬೆರಳನ್ನು ಬಿಡಿಸುವುದು ಕಷ್ಟ. ದೀಪದ ಸುತ್ತ ತಂತಿಯ ಪಂಜರವೊಂದನ್ನು ಕಟ್ಟಿಬಿಡುವುದು ಲೇಸು. ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿದ ಕಡೆ ಅದು ಬೇಗ ಕೆಡುತ್ತದೆ.

ದೀಪ ಯಾವುದೆಂದು ನಿಶ್ಚಯವಾದ ಮೇಲೆ ಎಲ್ಲಿಡಬೇಕು ಎಂಬುದು ಬಾಕಿ. ಆಡಿಸುವವನ ಬೆನ್ನ ಹಿಂದೆ ಇಟ್ಟರೆ ಪರದೆಯ ಮೇಲೆ ರಾಮನಿಗಿಂತ ದೊಡ್ಡದಾಗಿ ಅವನದೇ ತಲೆ. ಅವನಿಗೂ ಪರದೆಗೂ ನಡುವೆ, ಮೇಲಾದರೂ ಇಡಬೇಕು, ಕೆಳಗಾದರೂ ಇಡಬೇಕು. ಮೇಲಿಟ್ಟರೆ, ಗೊಂಬೆಯನ್ನು ಹಿಂದಕ್ಕೆಳೆದಾಗ ಕಾಲು ಕೆಳಕ್ಕೆ ಚಾಚಿಕೊಳ್ಳುತ್ತದೆ. ಕೆಳಗಿಟ್ಟರೆ ತಲೆ ಮೇಲಕ್ಕೇರುತ್ತದೆ; ಕುಂಭಕರ್ಣ ಏಳುವ ದೃಶ್ಯಕ್ಕೆ ಇದರಷ್ಟು ಒದಗುವುದು ಇನ್ನಿಲ್ಲ. ಅವನ ಗೊಂಬೆಯ ಪಾದ ಬಟ್ಟೆಗೆ ತಾಗಿಸಿ, ತಲೆಯನ್ನು ಮಾತ್ರ ದೀಪದತ್ತ ವಾಲಿಸಿದರೆ ಸಾಕು, ಮಲಗಿದ್ದವನು ಪರದೆಯ ಅಂಚು ದಾಟಿ ಬೆಳೆಯುತ್ತಾನೆ. ನಮ್ಮಲ್ಲಿ ದೇವರು, ರಾಜರ ಗೊಂಬೆ ದೊಡ್ಡದು, ಸಾಮಾನ್ಯರದ್ದು ಚಿಕ್ಕದು. ಆ ಮೇಲುಕೀಳನ್ನು ಒಂದು ಕ್ಷಣಕ್ಕೆ ತಲೆಕೆಳಗು ಮಾಡುವ ಶಕ್ತಿಯೂ ತಗ್ಗಿನಲ್ಲಿಟ್ಟ ದೀಪಕ್ಕಿದೆ.

ದೂರದ್ದೂ ಹೀಗೇ ಕೊಡುಕೊಳ್ಳುವ ವ್ಯವಹಾರ. ದೀಪ ಪರದೆಗೆ ಒಂದು ಮೀಟರ್ ಹತ್ತಿರವಿದ್ದರೆ, ನಡುವಿನಿಂದ ಒಂದು ಮೀಟರ್ ಪಕ್ಕಕ್ಕೆ ಹೋಗುವಷ್ಟರಲ್ಲಿ ಬೆಳಕು ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಪರದೆಯಿಡೀ ಸಮನಾಗಿ ಬೆಳಗಬೇಕೆನ್ನುವವರು ಇದನ್ನು ದೋಷವೆನ್ನುತ್ತಾರೆ, ನಾನು ಒಪ್ಪುವುದಿಲ್ಲ. ನಡುವೆ ಹೊಂಬಣ್ಣ, ಅಂಚಿಗೆ ಹೋದಂತೆ ಕಂದು, ಮೂಲೆಯಲ್ಲಿ ಕತ್ತಲೆ. ಪಾತ್ರಗಳು ಆ ಕತ್ತಲೆಯಿಂದ ಬರಬೇಕು, ಅಲ್ಲಿಗೇ ಹೋಗಬೇಕು. ಸಮನಾಗಿ ಬೆಳಗಿದ ಪರದೆಯಲ್ಲಿ ಅವು ಬಾಗಿಲು ತೆಗೆದು ಆಫೀಸಿಗೆ ಬಂದವರ ಹಾಗೆ ಪ್ರವೇಶಿಸುತ್ತವೆ. ನೋಡುವವರ ಕಣ್ಣಿಗೆ ತೆಳುಬಟ್ಟೆಯ ಆಚೆಯಿಂದ ದೀಪವೇ ಒಂದು ಉರಿಗಣ್ಣಾಗಿ ಕಾಣದಂತೆ ಮಾತ್ರ ನೋಡಿಕೊಳ್ಳಬೇಕು. ಜನ ನೆಲದ ಮೇಲೆ ಕೂತಾಗ ಒಂದು ಸಲ, ಕುರ್ಚಿಯಲ್ಲಿ ಕೂತಾಗ ಒಂದು ಸಲ ಎದುರಿಗೆ ಹೋಗಿ ನೋಡಿಬಂದರೆ ಎತ್ತರ ಎಷ್ಟೆಂದು ತಿಳಿಯುತ್ತದೆ. ಬಟ್ಟೆ ಹತ್ತಿಯದೇ ಆಗಲಿ, ಹಳೇ ಪಂಚೆಯಾದರೆ ಉತ್ತಮ, ನೀಲಿ ಹಾಕಿದ್ದು ಬೇಡ.

ಪರದೆಯ ಮುಂದಿನ ಬೆಳಕನ್ನು ಆರಿಸದಿದ್ದರೆ ಇದೆಲ್ಲ ನೀರಿನಲ್ಲಿ ಹೋಮ. ಬೀದಿದೀಪ, ಸೀರಿಯಲ್ ಸೆಟ್ಟು, ಮುಂದಿನ ಸಾಲಿನವರ ಮೊಬೈಲು. ಅತಿಥಿಗಳ ಭಾಷಣಕ್ಕೆಂದು ಹಚ್ಚಿದ ದೀಪವನ್ನು ಆರಿಸಲು ಮರೆಯುವುದು ಎಷ್ಟು ಸಾಮಾನ್ಯವೆಂದರೆ, ಗಣಪತಿ ಬಂದು ಹೋಗುವವರೆಗೂ ಅದು ಉರಿಯುತ್ತಲೇ ಇರುತ್ತದೆ.

ಬಣ್ಣದ ದೀಪಗಳ ಆಸೆಯೂ ಈಚೆಗೆ ಜೋರು. ಲಂಕಾದಹನ ಬಂದರೆ ಸಾಕು, “ಕೆಂಪು ಪಾರ್ ಲೈಟ್ ಹಾಕ್ಲಾ ಸಾರ್?” ಎಂದು ಪರದೆಯ ಹಿಂದಿನಿಂದ ದನಿ ಬರುತ್ತದೆ. ಕೆಂಪು ದೀಪ ಹಾಕಿ ನೋಡಿ. ಪರದೆ ಕೆಂಪಾಗುತ್ತದೆ, ಸರಿ. ಗೊಂಬೆಯ ಕೆಂಪು ಭಾಗವೆಲ್ಲ ಆ ಪರದೆಯಲ್ಲೇ ಬೆರೆತು ಬರಿ ಬಟ್ಟೆಯಂತಾಗುತ್ತದೆ, ಹಸಿರು ಕಪ್ಪಾಗುತ್ತದೆ. ಹೊತ್ತಿ ಉರಿಯಬೇಕಾದ ಹೊತ್ತಿನಲ್ಲಿ ಹನುಮಂತನ ಬಾಲದ ತುದಿಯ ಕೆಂಬೆಂಕಿಯೇ ಮಾಯ. ಜಾವಾದವರು ಇಂಥ ಕಡೆ ದೀಪವನ್ನು ಮುಟ್ಟುವುದಿಲ್ಲ. ಬೆಟ್ಟದಾಕಾರದ ಕಾಯೋನ್ ಎಂಬ ಗೊಂಬೆಯನ್ನು ಎತ್ತಿ ಗಾಳಿ, ಬೆಂಕಿ ಎರಡಕ್ಕೂ ಬೀಸುತ್ತಾರೆ. ನಮ್ಮವರ ಕೈಯಲ್ಲೂ ಉಪಾಯವಿದೆ. ಬಾಲವನ್ನಷ್ಟೇ ಹಿಂದಕ್ಕೆ, ದೀಪದ ಹತ್ತಿರಕ್ಕೆ ಬೀಸಿದರೆ ಅದು ಪರದೆಯ ತುಂಬ ದೊಡ್ಡದಾಗಿ, ಅಂಚು ಮಸುಕಾಗಿ, ತೆಳುಗೆಂಪಾಗಿ ಹರಡುತ್ತದೆ. ಆ ಬೀಸಿಗೇ ಹಣತೆಯೂ ಹೊಯ್ದಾಡಿದರೆ ಲಂಕೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಕಿಳ್ಳೇಕ್ಯಾತನ ಮಾತು ಬೇರೆ. ಡೊಳ್ಳುಹೊಟ್ಟೆಯ, ಕರಿಮೈಯ ಆ ವಿದೂಷಕನಿಗೆ ಕೆಂಪಿನ ಹಂಗಿಲ್ಲ, ಮುತ್ತಿನ ಒಡವೆಯಿಲ್ಲ. ಟ್ಯೂಬ್‌ಲೈಟು ಇಡಿ, ಫೋಕಸ್ ಇಡಿ, ಯಾರದೋ ಮೊಬೈಲಿನ ಟಾರ್ಚು ಹಿಡಿಯಿರಿ, ಅವನು ಬಂದು ಹೆಂಡತಿ ಬಂಗಾರಕ್ಕನನ್ನು ಕೂಗಿ ಜಗಳ ತೆಗೆಯುತ್ತಾನೆ, ಜನ ನಗುತ್ತಾರೆ. ದೀಪದವರಿಗೆ ಬೈಯುವ ಕೆಲಸವನ್ನೂ ಬೇಕಾದರೆ ಅವನೇ ಮಾಡಿಕೊಡುತ್ತಾನೆ.